ಆರುವವರೆಗೆ ಕಾಯಿರಿ

ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ ಒಂದು ಗಾಜಿನ ಬಾಟಲಿ ಇದೆ. ಅಗಲ ಬಾಯಿಯದು, ಒಂದು ಕಾಲದಲ್ಲಿ ಉಪ್ಪಿನಕಾಯಿ ತುಂಬಿದ್ದಿರಬೇಕು. ಈಗ ಅದರ ತುಂಬ ನೀಲಿ ಹರಳು. ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡನೆಯ ಅಕ್ಷರಗಳಲ್ಲಿ ‘ವಿದ್ಯಾರ್ಥಿಗಳು ತಯಾರಿಸಿದ ಲವಣ’ ಎಂದು ಬರೆದಿದೆ. ಕುರುಗೋಡಿನ ಕಡೆಯ ಈ ಪ್ರೌಢಶಾಲೆಗೆ ನಾನು ವಿಜ್ಞಾನದ ಟೀಚರಾಗಿ ಬರುವ ಮುಂಚಿನಿಂದಲೂ ಅದು ಅಲ್ಲೇ ಇದೆ. ತಪಾಸಣೆಗೆ ಬಂದವರೆಲ್ಲ ಅದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಚೆನ್ನಾಗಿ ಬಂದಿದೆ ಎಂದು ಹೇಳಿ ಕೆಳಗಿಟ್ಟು ಹೋಗಿದ್ದಾರೆ. ಆ ಹರಳುಗಳನ್ನು ಯಾವ ವಿದ್ಯಾರ್ಥಿಯೂ ತಯಾರಿಸಿಲ್ಲ. ಯಾವಾಗಲೋ ಯಾರೋ ಗೊಬ್ಬರದ ಅಂಗಡಿಯಿಂದ ತಂದು ತುಂಬಿಟ್ಟ ಮೈಲುತುತ್ತ ಅದು. ಪುಸ್ತಕದಲ್ಲಿ ಅದರ ಹೆಸರು ತಾಮ್ರದ ಸಲ್ಫೇಟ್. ಅಂಗಡಿಯದ್ದೂ ಪುಸ್ತಕದ್ದೂ ಒಂದೇ ವಸ್ತು. ಸುಳ್ಳು ಇದ್ದದ್ದು ಚೀಟಿಯಲ್ಲಿ ಮಾತ್ರ.

ಆ ಚೀಟಿಯನ್ನು ಕಿತ್ತು ಬಿಸಾಡುವ ಧೈರ್ಯ ನನಗೂ ಇವತ್ತಿನವರೆಗೆ ಬಂದಿಲ್ಲ. ನಾನು ಕಲಿತದ್ದೂ ಹಾಗೆಯೇ. ಸಿರುಗುಪ್ಪದಲ್ಲಿ ನಾನು ಓದಿದ ಶಾಲೆಯ ಪಕ್ಕ ಅಕ್ಕಿ ಗಿರಣಿ ಇತ್ತು. ಕಿಟಕಿ ತೆರೆದರೆ ಹೊಟ್ಟಿನ ಧೂಳು, ಮುಚ್ಚಿದರೆ ಧಗೆ. ಆ ಧಗೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ರೆಕಾರ್ಡ್ ಬರೆಸುತ್ತಿದ್ದರು. ರೆಕಾರ್ಡ್ ಎಂದರೆ ಪ್ರಯೋಗ ಮಾಡಿ, ಕಂಡದ್ದನ್ನು ಬರೆದಿಡುವ ದಪ್ಪ ರಟ್ಟಿನ ಪುಸ್ತಕ. ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ನಾಲ್ಕು ತಲೆಬರಹ. ನಾಲ್ಕನ್ನೂ ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ‘ವೀಕ್ಷಣೆ: ನೀಲಿ ಬಣ್ಣದ ಹರಳುಗಳು ದೊರೆತವು.’ ಒಂದು ದಿನ ನಾನು ಎದ್ದು ನಿಂತು, ನಾವು ನೋಡೇ ಇಲ್ಲವಲ್ಲ ಸರ್ ಎಂದೆ. ಅವರು ಬೈಯಲಿಲ್ಲ.

"ನೋಡೋದು ಬ್ಯಾರೆ, ರೆಕಾರ್ಡ್ ಬ್ಯಾರೆ. ಸುಮ್ನ ಬರಿಯವ್ವ," ಎಂದರು.

ಬೈದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಅವರು ಅಷ್ಟು ಸಮಾಧಾನದಿಂದ ಹೇಳಿದ್ದರಿಂದ ಅದು ನಿಜವೇ ಇರಬೇಕು ಅನ್ನಿಸಿತು. ಕೂತು ಬರೆದೆ. ಮುಂದೆ ಬಳ್ಳಾರಿಯಲ್ಲಿ ಡಿಗ್ರಿ ಓದುವಾಗಲೂ ಬರೆದೆ. ಆಮೇಲೆ ಟೀಚರಾಗಿ ಅದೇ ಸಾಲನ್ನು ಅದೇ ಧಾಟಿಯಲ್ಲಿ ನೂರಾರು ಮಕ್ಕಳಿಗೆ ಬರೆಸಿದೆ. ಆಮ್ಲಕ್ಕೆ ಲೋಹ ಹಾಕಿ ಲವಣ ಮಾಡುವುದು, ಲೋಹದ ಆಕ್ಸೈಡ್ ಹಾಕಿ ಮಾಡುವುದು, ಕಾರ್ಬೊನೇಟ್ ಹಾಕಿ ಮಾಡುವುದು, ಪ್ರತ್ಯಾಮ್ಲ ಸುರಿದು ಮಾಡುವುದು, ಎಲ್ಲವೂ ನನಗೆ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತವೆ. ಮಾಡಿ ನೋಡಿದ್ದು ಒಂದೂ ಇಲ್ಲ. ಅಡುಗೆ ಪುಸ್ತಕ ಬಾಯಿಪಾಠ ಮಾಡಿಕೊಂಡು ಒಂದು ದಿನವೂ ಒಲೆ ಹಚ್ಚದವಳ ಹಾಗೆ ಬದುಕಿದ್ದೆ. ನಾಚಿಕೆ ಆಗುತ್ತಿರಲಿಲ್ಲ ಎಂದೇನಲ್ಲ. ಆದರೆ ನಾಚಿಕೆ ಕೂಡ ವರ್ಷ ಕಳೆದಂತೆ ಅಭ್ಯಾಸವಾಗಿಬಿಡುತ್ತದೆ.

ಈ ಅಭ್ಯಾಸ ಕೆಡಿಸಿದ್ದು ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ಅವರ ಮನೆಯವರಿಗೆ ಊರ ಹೊರಗೆ ಒಂದಿಷ್ಟು ಅಂಜೂರದ ಗಿಡ, ಒಂದಿಷ್ಟು ಮೆಣಸಿನಕಾಯಿ. ಕ್ಲಾಸಿನಲ್ಲಿ ಮುಂದೆಯೂ ಕೂರುವವಳಲ್ಲ, ಹಿಂದೆಯೂ ಕೂರುವವಳಲ್ಲ. ಕಳೆದ ವರ್ಷ ಲವಣಗಳ ಪಾಠ ಮಾಡುತ್ತ ನಾನು ಆ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟು, ನಿಮ್ಮಂಥ ಮಕ್ಕಳೇ ತಯಾರಿಸಿದ್ದು ಎಂದು ಹೇಳಿದೆ. ಅವಳು ಹತ್ತಿರ ಬಂದು, ಬಗ್ಗಿ ನೋಡಿ, "ಟೀಚರ್, ಇದು ಮೈಲುತುತ್ತ ಅಲ್ರೀ? ನಮ್ಮಪ್ಪ ಅಂಗಡ್ಯಾಗ ತರ್ತಾನ. ಸುಣ್ಣದ ನೀರಿನಾಗ ಕಲಸಿ ಅಂಜೂರಕ್ಕ ಹೊಡೀತೀವಿ," ಎಂದಳು.

ಇಡೀ ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ನನ್ನನ್ನು ಸಿಕ್ಕಿಸಬೇಕೆಂದು ಕೇಳಿದವಳೂ ಅಲ್ಲ. ಗುರುತು ಸಿಕ್ಕಿತು, ಹೇಳಿದಳು, ಅಷ್ಟೇ. ನನಗೆ ಮಾತ್ರ ಮುಖ ಸುಟ್ಟಂತಾಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲರಿಗೂ ಗೊತ್ತು. ಆ ದಿನ ಅದು ಯಾರ ಮೇಲೆ ಹರಿಯಬೇಕೋ ತಿಳಿಯದೆ ಅಲ್ಲೇ ನಿಂತಿತು.

"ಈ ಸಲ ನಾವ ಮಾಡೋಣು," ಎಂದೆ. "ಅಂಗಡೀದಲ್ಲ. ನಮ್ಮ ಕೈಲೆ. ಏನು ಕಾಣ್ತೈತೋ ಅದನ್ನ ರೆಕಾರ್ಡಿನಾಗ ಬರೀರಿ."

"ಖರೇನ ಟೀಚರ್? ನೋಡಿದ್ದ ಬರಿಯಾದಾ?"

"ಖರೇನ."

ಅಂದು ನಾನು ಒಂದು ಕ್ಲಾಸಿಗೆ ಮಾತು ಕೊಟ್ಟೆ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಅದನ್ನು ಮಾತು ಎಂದು ತೆಗೆದುಕೊಂಡವಳು ಅವಳೊಬ್ಬಳೇ.

ಮಾಡೋಣ ಎಂದು ಹೇಳುವುದು ಸುಲಭ. ನಮ್ಮ ಪ್ರಯೋಗಾಲಯದ ಅರ್ಧಕ್ಕೆ ಬಿಸಿಯೂಟದ ಅಕ್ಕಿ ಚೀಲ, ಉಳಿದರ್ಧಕ್ಕೆ ಕಾಲು ಮುರಿದ ಬೆಂಚುಗಳು. ಆಮ್ಲದ ಬಾಟಲಿಯ ಗಾಜಿನ ಬಿರಡೆ ಎಷ್ಟು ವರ್ಷದಿಂದ ಅಂಟಿಕೊಂಡಿತ್ತೋ, ಬಿಸಿ ನೀರಿನ ಬಟ್ಟೆ ಸುತ್ತಿ ಬಿಡಿಸುವುದರಲ್ಲಿ ಎರಡು ಪಿರಿಯಡ್ ಹೋಯಿತು. ತಾಮ್ರದ ಆಕ್ಸೈಡ್ ಇರಲೇ ಇಲ್ಲ. ತರಿಸಿಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಮಾರನೆಯ ದಿನ ಸುಟ್ಟುಹೋದ ಮೋಟರಿನ ಒಂದು ಸಿಂಬೆ ತಂತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ತಾಮ್ರ ಬೇಕಂದ್ರಿ. ಇದು ತಾಮ್ರ ಅಲ್ಲೇನ್ರಿ?"

ತಾಮ್ರ ಬೇರೆ, ತಾಮ್ರದ ಆಕ್ಸೈಡ್ ಬೇರೆ, ನೀರು ಬೆರೆಸಿದ ಆಮ್ಲಕ್ಕೆ ತಾಮ್ರ ಜಗ್ಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಸಮಾಜ ವಿಜ್ಞಾನದವರು. "ಹಾಕಿ ನೋಡ್ರಲ್ಲ, ಹಾಕಿದ್ರ ಏನು ಗಂಟು ಹೋಗ್ತೈತಿ?" ಎಂದರು. ಹಾಕಿದೆ. ನಾಲ್ಕು ದಿನ ಆ ತಂತಿ ಆಮ್ಲದಲ್ಲಿ ಮಲಗಿತ್ತು. ಮಕ್ಕಳು ದಿನಾ ಬಂದು ಇಣುಕಿ ನೋಡಿ ಹೋಗುತ್ತಿದ್ದರು. ನಾಲ್ಕನೇ ದಿನ ತೆಗೆದಾಗ ತಂತಿಯ ಕೊಳೆಯೆಲ್ಲ ಹೋಗಿ ಹೊಸದರಂತೆ ಹೊಳೆಯುತ್ತಿತ್ತು. ತಂತಿಗೆ ಬೇರೇನೂ ಆಗಲಿಲ್ಲ, ಆಗಿದ್ದೆಲ್ಲ ನನ್ನ ತಲೆಗೆ. ಮುಖ್ಯೋಪಾಧ್ಯಾಯರು ಅದನ್ನು ನೋಡಿ, ಹೋಗಲಿ ಬಿಡ್ರಿ, ಬಾಟಲಿ ಹೆಂಗೂ ಐತಲ್ಲ ಎಂದರು.

ನನಗೆ ಹಟ ಹತ್ತಿತು. ನನ್ನ ಮನೆ ಬಳ್ಳಾರಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಭಾನುವಾರ ಪೇಟೆಯಲ್ಲಿ ಅಲೆದು, ಪ್ರಯೋಗಾಲಯದ ಸಾಮಾನು ಮಾರುವ ಒಂದು ಓಣಿಯ ಅಂಗಡಿ ಹುಡುಕಿದೆ. ಅಂಗಡಿಯ ಮುದುಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

"ಕಾಪರ್ ಆಕ್ಸೈಡಾ? ಕಾಲೇಜಾ, ಸಾಲೀನಾ?"

"ಸಾಲಿ."

"ಸಾಲಿಗೆ ಎಂದುಕಮ್ಮಾ ಇದಂತಾ? ರೆಕಾರ್ಡ್ ರಾಸ್ತೇ ಚಾಲದಾ?"

ಶಾಲೆಗೆ ಇದೆಲ್ಲ ಯಾಕಮ್ಮ, ರೆಕಾರ್ಡ್ ಬರೆದರೆ ಸಾಲದಾ ಎಂದು ತೆಲುಗಿನಲ್ಲಿ ಕೇಳಿದ. ಸಾಮಾನು ಮಾರುವವನೇ ಹೀಗೆ ಕೇಳಿದರೆ ಇನ್ನು ಯಾರಿಗೆ ಹೇಳುವುದು? ಸಾಲದು, ಕೊಡು ಎಂದು ಗದರಿದೆ. ಒಳಗೆ ಹೋಗಿ ಒಂದು ಧೂಳು ಹಿಡಿದ ಡಬ್ಬಿ ತಂದ. ಜೊತೆಗೆ ಸೋಸುವ ಕಾಗದವನ್ನೂ ಒಂದು ಹೊಸ ಪಿಂಗಾಣಿ ಬಟ್ಟಲನ್ನೂ ಕಟ್ಟಿಸಿಕೊಂಡೆ. ಮನೆಯಲ್ಲಿ ಒಮ್ಮೆ ಮಾಡಿ ನೋಡಬೇಕಿತ್ತು. ಅನ್ನ ಬೇಯುವ ಒಲೆಯ ಮೇಲೆ ಈ ವಿಷ ಯಾಕೆ ಎಂದು ಬಿಟ್ಟೆ. ಅದು ನೆಪ. ಪುಸ್ತಕದಲ್ಲಿ ಇರುವಷ್ಟು ನನಗೆ ಗೊತ್ತೇ ಇದೆಯಲ್ಲ ಎಂಬ ಜಂಬವೇ ನಿಜವಾದ ಕಾರಣ.

ಶನಿವಾರ ಬೆಳಗಿನ ಶಾಲೆ. ಉಳಿದ ದಿನ ನಲವತ್ತು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ. ಶನಿವಾರ ಕೊನೆಯ ಎರಡು ಪಿರಿಯಡ್ ಬೇಡಿ ತೆಗೆದುಕೊಂಡೆ. ಚಹಾಕ್ಕೆಂದು ಇಟ್ಟುಕೊಂಡಿದ್ದ ನನ್ನ ಪುಟ್ಟ ಗ್ಯಾಸ್ ಒಲೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಐವತ್ತು ಮಕ್ಕಳು ಒಂದು ಮೇಜಿನ ಸುತ್ತ. ಆಮ್ಲವನ್ನು ನಾನೇ ಸುರಿದೆ, ಬೆಚ್ಚಗೆ ಮಾಡಿದೆ, ಅದಕ್ಕೆ ಕಪ್ಪು ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಕಲಕಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಪಾತ್ರೆಯ ಅಂಚಿನಲ್ಲಿ ಸಣ್ಣಗೆ ನೀಲಿ ಕಾಣಿಸಿತು, ನೋಡುನೋಡುತ್ತಿದ್ದಂತೆ ಇಡೀ ಪಾತ್ರೆ ನೀಲಿಯಾಯಿತು. ಹಿಂದಿದ್ದ ಮಕ್ಕಳು ಮುಂದಿದ್ದವರ ಹೆಗಲ ಮೇಲಿಂದ ಇಣುಕಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಯಾರಾದರೂ ಮಾತಾಡಿಸಿದ್ದರೆ ಅಳು ಬಂದುಬಿಡುತ್ತಿತ್ತು.

ಸೋಸಿ, ಕರಗದೆ ಉಳಿದ ಕಪ್ಪು ಪುಡಿಯನ್ನು ತೆಗೆದು, ನೀಲಿ ನೀರನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಸಣ್ಣ ಉರಿಯ ಮೇಲಿಟ್ಟೆವು. ಇನ್ನು ಉಳಿದದ್ದು ಸುಲಭದ ಕೆಲಸ. ನೀರು ಅರ್ಧಕ್ಕೆ ಇಳಿಯಬೇಕು, ಒಲೆ ಆರಿಸಬೇಕು, ಬಟ್ಟಲು ತಣ್ಣಗಾಗುತ್ತ ಹೋದಂತೆ ಹರಳು ತಾನಾಗಿ ಕೂರುತ್ತದೆ. ಅಷ್ಟರಲ್ಲಿ ಮುಖ್ಯೋಪಾಧ್ಯಾಯರ ಆಫೀಸಿನ ಸಹಾಯಕಿ ಬಂದು, ದೊಡ್ಡ ಸರ್ ಕರೀತಾರ ಎಂದಳು. ಪ್ರಯೋಗ ನಡೆದಿದೆ, ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಎರಡು ನಿಮಿಷಕ್ಕೆ ಮತ್ತೆ ಬಂದಳು. ಮಕ್ಕಳ ಮಾಹಿತಿಯನ್ನು ಆನ್‌ಲೈನಿನಲ್ಲಿ ತುಂಬಬೇಕಂತೆ, ಬಳ್ಳಾರಿಯಿಂದ ಫೋನ್ ಮೇಲೆ ಫೋನ್ ಬರುತ್ತಿದೆಯಂತೆ, ಅದನ್ನು ನಾನೇ ತುಂಬಬೇಕಂತೆ. ನೆತ್ತಿಗೇರಿತು. ಆದರೂ ಹೋದೆ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರಿಗೆ ಬಾಗಿಲಲ್ಲಿ ನಿಂತು ಸ್ವಲ್ಪ ಕಣ್ಣಿಡಿ ಎಂದೆ. ಒಲೆಯ ಹತ್ತಿರ ನಿಂತಿದ್ದ ಆ ಅಂಜೂರದ ಹುಡುಗಿಗೆ ಹೇಳಿದೆ:

"ಅರ್ಧ ಆಗ್ಲಿ. ಆಮ್ಯಾಲೆ ಆರೋತನಕ ಕಾಯಿ. ಯಾರಿಗೂ ಮುಟ್ಟಾಕ ಬಿಡಬ್ಯಾಡ."

ಪುಸ್ತಕದಲ್ಲಿಯೂ ಹೀಗೆಯೇ ಇದೆ: ‘ದ್ರಾವಣವು ಅರ್ಧಕ್ಕೆ ಇಳಿದ ನಂತರ ಆರುವವರೆಗೆ ಕಾಯಿರಿ.’ ಅದನ್ನೇ ನಾನು ಆಡುಮಾತಿಗೆ ಇಳಿಸಿ ಹೇಳಿದ್ದೆ.

ಆಫೀಸಿನಲ್ಲಿ ಸರ್ವರ್ ಸಿಗಲಿಲ್ಲ. ಸಿಕ್ಕಿತು, ಅರ್ಧ ತುಂಬುವಷ್ಟರಲ್ಲಿ ಹೋಯಿತು. ಮತ್ತೆ ಮೊದಲಿನಿಂದ. ತಂದೆಯ ಹೆಸರು, ತಾಯಿಯ ಹೆಸರು, ಅಕ್ಷರ ತಪ್ಪು, ಮತ್ತೆ ಮೊದಲಿನಿಂದ. ಹಲ್ಲು ಕಡಿದುಕೊಂಡು ಕೂತಿದ್ದೆ. ವಾಪಸು ಬರುವ ಹೊತ್ತಿಗೆ ಮುಕ್ಕಾಲು ತಾಸು ಕಳೆದಿತ್ತು. ಗಣಿತದ ಮೇಷ್ಟ್ರು ಬಾಗಿಲಲ್ಲೇ ಇದ್ದರು, ಪಾಪ. ಹುಡುಗಿ ಒಲೆಯ ಮುಂದೆ ಎರಡೂ ಕೈ ಅಡ್ಡ ಚಾಚಿ ನಿಂತಿದ್ದಳು, ಯಾರೂ ಹತ್ತಿರ ಬರದಂತೆ. ಒಲೆ ಇನ್ನೂ ಉರಿಯುತ್ತಿತ್ತು. ಬಟ್ಟಲಿನಲ್ಲಿ ನೀಲಿ ಇರಲಿಲ್ಲ. ಹಸಿ ಗೋಡೆಗೆ ಬಳಿದ ಸುಣ್ಣದಂಥ ಒಂದು ಬಿಳಿ ಪುಡಿ ತಳಕ್ಕೆ ಕಚ್ಚಿಕೊಂಡಿತ್ತು.

"ಪೂರಾ ಆರೈತ್ರಿ ಟೀಚರ್," ಎಂದಳು. "ಒಬ್ರಿಗೂ ಮುಟ್ಟಾಕ ಬಿಟ್ಟಿಲ್ಲ."

ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ. ಒಲೆ ಆರಿಸಿ, ಕಣ್ಣಿಲ್ಲವೇನು, ಬುದ್ಧಿ ಇಲ್ಲವೇನು, ಆರು ಎಂದರೆ ತಣ್ಣಗಾಗಲಿ ಎಂದು, ಒಣಗಿಸು ಎಂದಲ್ಲ, ಎಂದು ಕೂಗಾಡಿದೆ. ಎಷ್ಟು ದಿನದ ಕೋಪವೋ, ತಂತಿಯದ್ದು, ಸರ್ವರಿನದ್ದು, ಎಲ್ಲ ಅವಳ ಮೇಲೆ ಹೋಯಿತು. ಅವಳು ಅಳಲಿಲ್ಲ. ನಿಜವಾಗಿಯೂ ಅರ್ಥವಾಗದ ಮುಖ ಮಾಡಿ ನಿಂತಿದ್ದಳು.

"ಮನ್ಯಾಗ ಅವ್ವ ಹಂಗ ಅಂತಾಳ್ರಿ. ಮೆಣಸಿನಕಾಯಿ ಆರೋತನಕ ಕಾಯಿ, ಯಾರಿಗೂ ಮುಟ್ಟಾಕ ಬಿಡಬ್ಯಾಡ ಅಂತ. ನೀವೂ ಹಂಗ ಅಂದ್ರಿ."

ಹೌದು. ನಮ್ಮಲ್ಲಿ ಹಾಲೂ ಆರುತ್ತದೆ, ಬಟ್ಟೆಯೂ ಆರುತ್ತದೆ. ಒಂದು ತಣ್ಣಗಾಗುವುದು, ಇನ್ನೊಂದು ಒಣಗುವುದು. ಕಾಯುವುದೂ ಹಾಗೇ; ಬಸ್ಸಿಗೂ ಕಾಯುತ್ತೇವೆ, ಅಂಗಳದಲ್ಲಿ ಹರವಿದ ಮೆಣಸಿನಕಾಯಿಯನ್ನು ಮೇಕೆಗಳಿಂದಲೂ ಕಾಯುತ್ತೇವೆ. ಆ ಹುಡುಗಿ ಪ್ರತಿ ಸುಗ್ಗಿಯಲ್ಲಿ ಬಿಸಿಲಿಗೆ ಕೂತು ಮಾಡಿದ ಕೆಲಸವೇ ಅದು. ನಾನು ಹೇಳಿದ ಮಾತನ್ನು ಅವಳಷ್ಟು ನಿಷ್ಠೆಯಿಂದ ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ‘ಒಲೆ ಆರಿಸಿ’ ಎಂಬ ಎರಡು ಪದ ನಾನು ಹೇಳಲಿಲ್ಲ. ಪುಸ್ತಕವೂ ಹೇಳಿಲ್ಲ. ಪುಸ್ತಕ ಬರೆದವರೂ ನನ್ನ ಹಾಗೆ ಒಲೆಯ ಮುಂದೆ ನಿಲ್ಲದವರೇ ಇರಬೇಕು.

ಆದರೆ ಇದೆಲ್ಲ ತಿಳಿದದ್ದು ಆಮೇಲೆ, ಬಸ್ಸಿನಲ್ಲಿ ಕೂತಾಗ. ಆ ಹೊತ್ತಿಗೆ ನಾನು ಅಂದದ್ದು, "ಬಟ್ಲ ತೊಳಿ, ಹೋಗು" ಎಂದಷ್ಟೇ.

ಬಟ್ಟಲು ಮುಟ್ಟುವಷ್ಟು ತಣ್ಣಗಾದ ಮೇಲೆ ಅವಳು ಅದನ್ನು ಕಿಟಕಿಯ ಹತ್ತಿರ ಒಯ್ದು ತನ್ನ ಕುಡಿಯುವ ನೀರಿನ ಬಾಟಲಿಯಿಂದ ಸ್ವಲ್ಪ ನೀರು ಹಾಕಿದಳು. ಬಿಳಿ ಪುಡಿ ಸುರ್ ಎಂದು ನೀರು ಕುಡಿದು ನೀಲಿಯಾಯಿತು. ಅವಳು ಬಟ್ಟಲನ್ನು ಕೈಯಲ್ಲಿ ಹಿಡಿದು, "ಟೀಚರ್, ಬೆಚ್ಚಗಾಗಾಕ ಹತ್ತೈತಿ," ಎಂದಳು. ನೀರು ಕಳೆದುಕೊಂಡ ಹರಳು ಬಿಳಿಯಾಗುತ್ತದೆ, ನೀರು ಕೊಟ್ಟರೆ ಮತ್ತೆ ನೀಲಿಯಾಗುತ್ತದೆ. ಇದನ್ನೂ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು ಪಾಠ ಮಾಡಿದ್ದೇನೆ. ಬೆಚ್ಚಗಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕಣ್ಣಾರೆ ಕಂಡದ್ದು ಆವತ್ತೇ ಮೊದಲು. ಮುಂದಲೆ ಬೆಳ್ಳಗಾದ ಮೇಲೆ.

ಆಗಲೇ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಶಾಬಾಸ್ ಎನ್ನುವುದು ಬೇಡ, ನೋಡು, ನೀನು ಕೆಡಿಸಲಿಲ್ಲ, ಇನ್ನೊಂದು ಪಾಠ ಮಾಡಿದೆ ಎಂದಾದರೂ ಹೇಳಬಹುದಿತ್ತು. ಬೈದ ಬಾಯಿ ಅಷ್ಟು ಬೇಗ ತಿರುಗಲಿಲ್ಲ. ಗಂಟೆ ಹೊಡೆಯಿತು. ಅದನ್ನ ಅಲ್ಲೇ ಇಡು, ಮನೆಗೆ ಹೋಗು ಎಂದೆ. ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ, ಅಕ್ಕಿ ಚೀಲಗಳ ಹಿಂದೆ ಇಟ್ಟು ಹೋದಳು. ಬಾಗಿಲಿಗೆ ನಾನೇ ಬೀಗ ಹಾಕಿದೆ.

ಸೋಮವಾರ ರೆಕಾರ್ಡುಗಳು ಬಂದವು. ಒಂದೊಂದಾಗಿ ತೆರೆದೆ. ಮೊದಲನೆಯದರಲ್ಲಿ ‘ನೀಲಿ ಬಣ್ಣದ ಹರಳುಗಳು ದೊರೆತವು.’ ಎರಡನೆಯದರಲ್ಲಿ ‘ನೀಲಿ ಬಣ್ಣದ ಹರಳುಗಳು ದೊರೆತವು.’ ಹತ್ತನೆಯದು, ಇಪ್ಪತ್ತನೆಯದು, ನಲವತ್ತನೆಯದು. ಬಿಳಿ ಪುಡಿಯನ್ನು ಐವತ್ತು ಜೊತೆ ಕಣ್ಣು ನೋಡಿತ್ತು. ಹಳೆ ವಿದ್ಯಾರ್ಥಿಗಳ ರೆಕಾರ್ಡು ಮನೆ ಮನೆಯಲ್ಲೂ ಇದೆ. ಅದನ್ನು ನೋಡಿಕೊಂಡು ನಲವತ್ತೊಂಬತ್ತು ಮಕ್ಕಳು ನೀಲಿ ಎಂದು ಬರೆದಿದ್ದರು. ಯಾರ ಮೇಲೆ ರೇಗಲಿ? ಆ ಹಳೆಯ ರೆಕಾರ್ಡುಗಳನ್ನು ಬರೆಸಿದವಳು ನಾನೇ.

ಒಂದು ರೆಕಾರ್ಡಿನಲ್ಲಿ ಮಾತ್ರ ಹೀಗಿತ್ತು: ‘ವೀಕ್ಷಣೆ: ನೀಲಿ ನೀರನ್ನು ಪೂರ್ತಿ ಆರಿಸಿದಾಗ ಬಿಳಿ ಪುಡಿ ಆಯಿತು. ಹರಳು ಆಗಲಿಲ್ಲ. ನೀರು ಹಾಕಿದಾಗ ತಿರುಗಿ ನೀಲಿ ಆಯಿತು ಮತ್ತು ಬಟ್ಟಲು ಬೆಚ್ಚಗಾಯಿತು. ಕಾರಣ ಗೊತ್ತಿಲ್ಲ.’

‘ಕಾರಣ ಗೊತ್ತಿಲ್ಲ’ ಎಂಬ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ನಾನು ಟೀಚರಾದ ಮೇಲೆ ತಿದ್ದಿದ ಅಷ್ಟೂ ರೆಕಾರ್ಡುಗಳಲ್ಲಿ ನಿಜವಾದ ವೀಕ್ಷಣೆ ಅದೊಂದೇ. ಆ ಒಂದು ಪುಟ ಉಳಿಯಬೇಕು, ಅದು ಉಳಿದರೆ ನಾನು ಈ ನೌಕರಿ ಮಾಡಿದ್ದಕ್ಕೆ ಒಂದು ಅರ್ಥ ಇರುತ್ತದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಕೆಂಪು ಪೆನ್ನು ತೆಗೆದು ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿದೆ.

ತಿದ್ದಿದ ರೆಕಾರ್ಡುಗಳನ್ನು ಆಫೀಸಿಗೆ ಕಳಿಸಿದೆ. ಮಧ್ಯಾಹ್ನ ಮುಖ್ಯೋಪಾಧ್ಯಾಯರು ಆ ರೆಕಾರ್ಡನ್ನೇ ಹಿಡಿದುಕೊಂಡು ಬಂದರು. ಮರುದಿನ ಬಳ್ಳಾರಿಯಿಂದ ತಪಾಸಣೆಗೆ ಬರುವವರಿದ್ದರು. ಅವರು ರೆಕಾರ್ಡುಗಳಿಗೆ ಸಹಿ ಹಾಕಬೇಕು, ಅದರ ಮೇಲೆ ಮಕ್ಕಳ ಆಂತರಿಕ ಅಂಕ.

"ನಲವತ್ತೊಂಬತ್ತು ನೀಲಿ, ಒಂದು ಬಿಳಿ. ಏನ್ರಿ ಇದು ಟೀಚರ್?"

"ಆಕಿ ನೋಡಿದ್ದ ಬರ್ದಾಳ್ರಿ."

"ಬರೀಲಿ. ನಾಳೆ ಅವರು ಕೇಳ್ತಾರ, ಯಾಕ ಹರಳು ಆಗ್ಲಿಲ್ಲ ಅಂತ. ಪೂರಾ ಆರೋತನಕ ಒಲಿ ಉರೀತು ಅಂತೀರಿ. ಆವಾಗ ನೀವೆಲ್ಲಿದ್ರಿ ಅಂತ ಕೇಳ್ತಾರ. ಮಕ್ಕಳ ಕೈಯಾಗ ಒಲಿ ಕೊಟ್ಟು ಟೀಚರ್ ಎಲ್ಲಿ ಹೋಗಿದ್ರು ಅಂತ. ಏನು ಹೇಳ್ತೀರಿ?"

ನೀವೇ ಅಲ್ಲವೇ ಕರೆಸಿದ್ದು ಎಂದೆ. ನಾನು ಕರೆದೆ, ಒಲೆ ಆರಿಸಿ ಬರಬೇಡಿ ಎಂದೆನೇ ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ತಪ್ಪು ನನ್ನದು, ಮತ್ತು ಆ ತಪ್ಪಿಗೆ ಇದ್ದ ಒಂದೇ ಒಂದು ಸಾಕ್ಷಿ ಆ ಪುಟ. ಆ ಕ್ಷಣಕ್ಕೆ ನಾನು ಹೆದರಿದೆ. ಬೇರೆ ಯಾವ ಬಣ್ಣ ಕಟ್ಟಿ ಹೇಳಿದರೂ ಅದು ಹೆದರಿಕೆಯೇ.

ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿದೆ. ಪುಟ ತೆಗೆದು ತೋರಿಸಿ, ಇದನ್ನು ಹರಿದು ಬೇರೆ ಬರೆದುಕೊಂಡು ಬಾ ಎಂದೆ. ಅವಳು ಕೆಂಪು ಗುರುತನ್ನು ನೋಡಿದಳು.

"ಸರಿ ಅಂತ ಹಾಕೀರಲ್ರೀ."

"ಹಾಕೀನಿ. ಆದ್ರೂ ಬ್ಯಾರೆ ಬರಿ. ಎಲ್ಲಾರೂ ಬರದಂಗ."

"ಆದ್ರ ನಾನು ನೋಡಿದ್ದು ಬಿಳೀದ್ರಿ ಟೀಚರ್."

"ನೋಡೋದು ಬ್ಯಾರೆ, ರೆಕಾರ್ಡ್ ಬ್ಯಾರೆ," ಎಂದೆ. "ಸುಮ್ನ ಬರಿಯವ್ವ."

ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತು ಎಂದು ಕಿವಿಗೆ ತಿಳಿಯಿತು. ಸಿರುಗುಪ್ಪದ ಮೇಷ್ಟ್ರ ಧಾಟಿ ಕೂಡ ಹಾಗೇ ಬಂದಿತ್ತು, ಅದೇ ಸಮಾಧಾನ. ಎರಡು ದಿನದ ಹಿಂದೆ ಅಷ್ಟು ಕೂಗಾಡಿದವಳು ಈಗ ಬೆಣ್ಣೆಯಂತೆ ಮಾತಾಡುತ್ತಿದ್ದೆ. ಹುಡುಗಿ ಅಲ್ಲೇ ನಿಂತು, ಪುಟವನ್ನು ಹೊಲಿಗೆಯ ಬಳಿ ಮಡಚಿ, ಅಂಚು ಕೆಡದಂತೆ ನೀಟಾಗಿ ಹರಿದಳು. ನನ್ನ ಕೈಗೆ ಕೊಟ್ಟಳು. ಸಂಜೆಯೊಳಗೆ ಬೇರೆ ಪುಟ ಬರೆದು ಅಂಟಿಸಿಕೊಂಡು ಬಂದಳು. ನೀಲಿ ಬಣ್ಣದ ಹರಳುಗಳು ದೊರೆತಿದ್ದವು. ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು.

ಮರುದಿನ ತಪಾಸಣೆಯವರು ಬಂದರು. ಕೆಟ್ಟವರೇನಲ್ಲ, ಅವಸರದಲ್ಲಿದ್ದರು. ರೆಕಾರ್ಡುಗಳನ್ನು ಸರಸರ ತಿರುವಿ ಸಹಿ ಹಾಕಿದರು. ಪ್ರಯೋಗಾಲಯಕ್ಕೆ ಬಂದು, ಎಲ್ಲರಂತೆ ಆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಇವರೊಬ್ಬರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ನಕ್ಕು, ಮುಂದೆ ಸಾಲಾಗಿ ನಿಲ್ಲಿಸಿದ್ದ ಮಕ್ಕಳ ಕಡೆ ತಿರುಗಿ, "ಇದು ಖರೇವ ನೀವ ಮಾಡಿದ್ದೋ, ಅಂಗಡ್ಯಾಗಿಂದೋ?" ಎಂದು ಕೇಳಿದರು. ಅವರ ಎದುರಿಗೇ ಇದ್ದವಳು ಆ ಅಂಜೂರದ ಹುಡುಗಿ. ಹೇಳಿಬಿಡಲಿ ಎಂದೂ ಅನ್ನಿಸಿತು, ಹೇಳದಿರಲಿ ಎಂದೂ ಅನ್ನಿಸಿತು. ಯಾವುದು ಹೆಚ್ಚು ಎಂದು ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ.

"ಅಂಗಡೀದಲ್ರೀ ಸರ್," ಎಂದಳು. "ನಾವ ಮಾಡೀವಿ." ಆಮೇಲೆ ಕೈ ಕಟ್ಟಿಕೊಂಡು, ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನ, ನಾಲ್ಕನ್ನೂ ಒಂದಕ್ಷರ ತಪ್ಪದೆ ಒಪ್ಪಿಸಿದಳು.

"ಭೇಷ್," ಎಂದರು ಅವರು. ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಿ ತಲೆಯಾಡಿಸಿದರು. ಅವಳು ನನ್ನ ಕಡೆ ನೋಡಲಿಲ್ಲ.

ಅದಾದ ಮುಂದಿನ ವಾರ ಅಕ್ಕಿ ಚೀಲ ಸರಿಸುವಾಗ ಕಿಟಕಿಯ ಕಟ್ಟೆಯ ಮೇಲೆ ಆ ಬಟ್ಟಲು ಸಿಕ್ಕಿತು. ಅದನ್ನು ಪೂರ್ತಿ ಮರೆತೇಬಿಟ್ಟಿದ್ದೆ. ಅವಳು ಹಾಕಿದ್ದ ನೀರು ನಮ್ಮ ಬಿಸಿಲಿಗೆ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಆರಿತ್ತು. ಒಲೆ ಇಲ್ಲ, ಗಂಟೆ ಇಲ್ಲ, ಮೇಲೆ ನಿಂತು ಕೂಗುವವರಿಲ್ಲ. ತಳದಲ್ಲಿ ನೀಲಿ ಹರಳು ಕೂತಿದ್ದವು. ಬಾಟಲಿಯಲ್ಲಿದ್ದವುಗಳಷ್ಟು ದಪ್ಪ ಇಲ್ಲ, ಸೊಟ್ಟ ಸೊಟ್ಟ, ಕೆಲವು ಕಡಲೆಕಾಳಿನಷ್ಟು, ಕೆಲವು ಎಳ್ಳಿನಷ್ಟು. ಆದರೆ ಅಂಚು ಹರಿತವಾಗಿತ್ತು, ಬೆಳಕು ಬಿದ್ದ ಕಡೆ ಮಿಂಚುತ್ತಿತ್ತು. ಈ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ತಯಾರಿಸಿದ ಮೊದಲ ಲವಣ.

ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತನೇ ಕ್ಲಾಸಿನ ಬಾಗಿಲಿಗೆ ಹೋದೆ. ಪಾಠ ನಡೆದಿತ್ತು, ಇರಲಿ ಎಂದುಕೊಂಡೆ. ಅವಳನ್ನು ಹೊರಗೆ ಕರೆದು ತೋರಿಸಿದೆ. ನಾನು ಬಹಳ ಸಂತೋಷದಲ್ಲಿದ್ದೆ. ಎಲ್ಲ ಸರಿಹೋಯಿತು, ಪುಟದಲ್ಲಿ ಬರೆದ ಸುಳ್ಳೂ ಈಗ ನಿಜವಾಯಿತು ಎಂದು ಹುಚ್ಚು ಸಮಾಧಾನ.

"ನೋಡು," ಎಂದೆ. "ನೀಲಿ ಹರಳು ಬಂದಾವ."

ಅವಳು ಬಗ್ಗಿ ನೋಡಿದಳು, ಆ ಮೊದಲ ದಿನ ಬಾಟಲಿಯನ್ನು ನೋಡಿದ ಹಾಗೆಯೇ. ಒಂದು ಹರಳನ್ನು ಬೆರಳ ತುದಿಯಿಂದ ಹೊರಳಿಸಿದಳು.

"ಅಂಗಡ್ಯಾಗ ತಂದ್ರೇನ್ರಿ ಟೀಚರ್?"

ಇಲ್ಲ, ಇದು ನಿನ್ನ ಬಟ್ಟಲು, ನೀನು ನೀರು ಹಾಕಿ ಇಟ್ಟದ್ದೇ, ನೀನೇ ಮಾಡಿದ್ದು ಎಂದು ಹೇಳಿದೆ. ಎರಡು ಸಲ ಹೇಳಿದೆ. ನನ್ನ ದನಿ ಏರಿತು.

"ಹೌದ್ರೀ ಟೀಚರ್," ಎಂದಳು, ತಪಾಸಣೆಯವರಿಗೆ ಹೇಳಿದ್ದ ಅದೇ ದನಿಯಲ್ಲಿ. ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಕ್ಲಾಸಿನ ಒಳಗೆ ಹೋದಳು.